ಚಿಕ್ಕ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?

ಧರ್ಮದ ಕಾರಣಕ್ಕೆ ಜನರನ್ನು ಹಿಂಸಿಸಿದ ಇತಿಹಾಸದ ಬಗ್ಗೆ ನಾನು ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅದು ದೊಡ್ಡವರ ಜಗಳ ಅಲ್ವಾ? ಮಕ್ಕಳಿಗೆ ಏನು ಗೊತ್ತಾಗುತ್ತೆ? ನಾಲ್ಕು ದಿನದಲ್ಲಿ ಮರೆತುಬಿಡುತ್ತವೆ." ಕೇಳುವವರು ಕೆಟ್ಟವರೇನಲ್ಲ. ದೊಡ್ಡವರಿಗೆ ಬೀಸಿದ ಏಟು ಮಕ್ಕಳಿಗೂ ಒಂದಿಷ್ಟು ತಾಗುತ್ತದೆ ಅಂದುಕೊಂಡಿರುತ್ತಾರೆ, ಅಷ್ಟೇ.

ನನ್ನ ಉತ್ತರ ಬೇರೆ. ಎಷ್ಟೋ ಸಲ ಆ ಏಟು ಬೀಸುವುದೇ ಮಕ್ಕಳ ಮೇಲೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವಲ್ಲ, ದಬ್ಬಾಳಿಕೆ ಮಾಡುವವರ ಲೆಕ್ಕವೂ ಅದೇ. ಒಂದು ಸಣ್ಣ ಸಮುದಾಯದ ನಂಬಿಕೆ ಉಳಿಯುವುದು ಮಕ್ಕಳಿಂದ. ಅಪ್ಪ ಅಮ್ಮನನ್ನು ಬಗ್ಗಿಸುವ ಗೋಜಿಗೇ ಹೋಗಬೇಕಿಲ್ಲ, ಮಕ್ಕಳ ದಾರಿ ಮುಚ್ಚಿದರೆ ಸಾಕು.

ಇರಾನಿನ ಬಹಾಯಿಗಳನ್ನೇ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲೇ ಹುಟ್ಟಿದ ಒಂದು ಧರ್ಮದವರು ಇವರು, ಅಲ್ಲಿನ ಸರ್ಕಾರ ಅದನ್ನು ಧರ್ಮ ಅಂತಲೇ ಒಪ್ಪುವುದಿಲ್ಲ. 1983ರ ಜೂನ್ 18ರಂದು ಶಿರಾಜ್‌ನಲ್ಲಿ ಹತ್ತು ಬಹಾಯಿ ಹೆಂಗಸರನ್ನು ಗಲ್ಲಿಗೇರಿಸಿದರು. ಅವರಲ್ಲಿ ಮೋನಾ ಮಹ್ಮೂದ್‌ನಿಜಾದ್‌ಗೆ ಬರೀ 17 ವರ್ಷ. ಅವಳ ಮೇಲಿದ್ದ ಆರೋಪಗಳಲ್ಲಿ ಒಂದು, ಮಕ್ಕಳಿಗೆ ಧರ್ಮದ ಪಾಠ ಹೇಳಿಕೊಟ್ಟಳು ಅನ್ನುವುದು. ಮುಂದೆ 1991ರಲ್ಲಿ ಸರ್ಕಾರ ಗುಟ್ಟಾಗಿ ಒಂದು ಆದೇಶ ಬರೆದಿಟ್ಟಿತು. ವಿದ್ಯಾರ್ಥಿ ಬಹಾಯಿ ಅಂತ ಗೊತ್ತಾದರೆ ವಿಶ್ವವಿದ್ಯಾಲಯದಿಂದ ಹೊರಹಾಕಿ ಅಂತ.

ನನ್ನನ್ನು ಜಾಸ್ತಿ ಕಾಡುವುದು ಅರ್ಜಿಯ ವಿಷಯ. ಬಹಳ ವರ್ಷ ಅಲ್ಲಿನ ಪ್ರವೇಶ ಪರೀಕ್ಷೆಯ ಅರ್ಜಿಯಲ್ಲಿ ಧರ್ಮದ ಕಾಲಂ ಇತ್ತು. ಇಸ್ಲಾಂ, ಕ್ರೈಸ್ತ, ಯಹೂದಿ, ಜರತುಷ್ಟ್ರ (ಪಾರ್ಸಿಗಳ ಧರ್ಮ), ಇವು ನಾಲ್ಕೇ. ಐದನೆಯದಕ್ಕೆ ಜಾಗವಿಲ್ಲ. ಸುಮ್ನೆ ಯಾವುದಾದರೂ ಒಂದಕ್ಕೆ ಗುರುತು ಹಾಕಿದರೆ ಪರೀಕ್ಷೆಗೆ ಕೂರಬಹುದಿತ್ತು. ಆದರೆ ತಮ್ಮ ನಂಬಿಕೆಯನ್ನು ಅಲ್ಲಗಳೆಯಬಾರದು ಅನ್ನುವುದು ಬಹಾಯಿಗಳ ನಿಯಮ. ಹದಿನೆಂಟರ ಹುಡುಗಿ ಪೆನ್ನು ಹಿಡಿದು ಕೂತಿದ್ದಾಳೆ. ಯಾರೂ ಅವಳನ್ನು ಹೊಡೆಯುತ್ತಿಲ್ಲ, ಬೈಯುತ್ತಿಲ್ಲ. ಒಂದು ಸಣ್ಣ ಸುಳ್ಳು ಹೇಳು ಅನ್ನುತ್ತಿದೆ ಆ ಕಾಗದ.

ಸಮುದಾಯ ಸುಮ್ಮನೆ ಕೂರಲಿಲ್ಲ ಬಿಡಿ. ಕೆಲಸ ಕಳೆದುಕೊಂಡ ಪ್ರೊಫೆಸರ್‌ಗಳು ಸೇರಿಕೊಂಡರು. 1987ರಿಂದ ಮನೆಗಳಲ್ಲೇ, ಅಂಚೆಯ ಮೂಲಕ ಕಾಲೇಜು ಪಾಠ ಶುರುವಾಯಿತು. 1998ರಲ್ಲಿ ಅದರ ಮೇಲೂ ದೊಡ್ಡ ದಾಳಿ ನಡೆಯಿತು. ಆದರೂ ಪಾಠ ನಿಲ್ಲಲಿಲ್ಲ.

ಇದು ಒಂದೇ ದೇಶದ ಚಾಳಿಯಲ್ಲ, ಒಂದೇ ಧರ್ಮದ್ದೂ ಅಲ್ಲ. 1858ರಲ್ಲಿ ಪೋಪರ ಆಳ್ವಿಕೆಯಲ್ಲಿದ್ದ ಇಟಲಿಯ ಬೊಲೊನ್ಯಾದಲ್ಲಿ ಎಡ್ಗಾರ್ದೊ ಮೊರ್ತಾರಾ ಎಂಬ ಆರು ವರ್ಷದ ಯಹೂದಿ ಹುಡುಗನನ್ನು ಪೊಲೀಸರು ಮನೆಯಿಂದ ಎತ್ತಿಕೊಂಡು ಹೋದರು. ಅವನು ಕೂಸಾಗಿದ್ದಾಗ ಕಾಯಿಲೆ ಬಿದ್ದಿದ್ದ. ಆಗ ಮನೆಕೆಲಸದ ಹುಡುಗಿ ಗುಟ್ಟಾಗಿ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ, ಮಾಡಿಸಿದ್ದಳಂತೆ. ಅಂಥ ಮಗು ಯಹೂದಿಗಳ ಮನೆಯಲ್ಲಿ ಬೆಳೆಯಬಾರದು ಅನ್ನುವುದು ಅಲ್ಲಿನ ಕಾನೂನು. ಯುರೋಪು, ಅಮೆರಿಕ ಎಲ್ಲ ಕಡೆ ಗದ್ದಲವಾಯಿತು. ಪೋಪ್ ಒಂಬತ್ತನೇ ಪಯಸ್ ಜಗ್ಗಲಿಲ್ಲ. ಹುಡುಗ ಬೆಳೆದು ಪಾದ್ರಿಯಾದ. ಇಪ್ಪತ್ತು ವರ್ಷದ ನಂತರ ತಾಯಿ ಅವನನ್ನು ನೋಡಲು ಫ್ರಾನ್ಸಿಗೆ ಹೋದಳು. ಅವಳನ್ನೂ ಮತಾಂತರಿಸಲು ಮಗ ನೋಡಿದ. ಅವಳು ಒಪ್ಪಲಿಲ್ಲ.

ಇನ್ನು "ಮರೆತುಬಿಡುತ್ತವೆ" ಅನ್ನುವ ಮಾತು. ಅದು ನಿಜ, ಮರೆಯುತ್ತವೆ. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್ ಮೇಲೆ ಐಸಿಸ್ ಉಗ್ರರು ಬಿದ್ದಾಗ, ಯಜೀದಿ ಎಂಬ ಅಲ್ಲಿನ ಹಳೆಯ ಸಣ್ಣ ಧರ್ಮದ ಹುಡುಗಿಯರನ್ನು ಗುಲಾಮರಾಗಿ ಮಾರಿದರು, ಹುಡುಗರಿಗೆ ಹೊಸ ಹೆಸರಿಟ್ಟು ಬಂದೂಕು ಕೊಟ್ಟರು. ವರ್ಷಗಳ ಮೇಲೆ ಬಿಡಿಸಿಕೊಂಡು ಬಂದ ಎಷ್ಟೋ ಮಕ್ಕಳಿಗೆ ಅರೇಬಿಕ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಅಮ್ಮನ ಕುರ್ದಿಶ್ ಮರೆತುಹೋಗಿತ್ತು.

ಸೆರೆಯಲ್ಲಿ ಹುಟ್ಟಿದ ಕೂಸುಗಳ ಕಥೆ ಇನ್ನೂ ಕಷ್ಟದ್ದು. ಯಜೀದಿ ಆಗಬೇಕಾದರೆ ತಂದೆ ತಾಯಿ ಇಬ್ಬರೂ ಯಜೀದಿ ಆಗಿರಬೇಕು. ಬದುಕಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತೇವೆ ಎಂದು 2019ರಲ್ಲಿ ಅವರ ಧರ್ಮಮಂಡಳಿ ಹೇಳಿತು. ಆದರೆ ಅತ್ಯಾಚಾರದಿಂದ ಹುಟ್ಟಿದ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ ಎಂದು ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಿತು. ಅಳಿದುಹೋಗುವ ಭಯದಲ್ಲಿರುವ ಜನ, ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಲವು ತಾಯಂದಿರು ಮಗುವನ್ನು ಬಿಟ್ಟು ಮನೆಗೆ ಬಂದರು. ಕೆಲವರು ಮಗುವನ್ನು ಎತ್ತಿಕೊಂಡು ಬೇರೆ ಕಡೆ ಹೋದರು.