ತಮ್ಮನನ್ನು ಯಾರು ನೋಡಿಕೊಳ್ಳಬೇಕು?

ಯಶವಂತಪುರ ಮಾರ್ಕೆಟ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೂನ್ ಬಂತೆಂದರೆ ಆಧಾರ್, ಜಾತಿ ಸರ್ಟಿಫಿಕೇಟ್, ಟಿಸಿ ಹಿಡಿದುಕೊಂಡು ಅಪ್ಪ ಅಮ್ಮಂದಿರು ಸಾಲು ನಿಲ್ಲುತ್ತಾರೆ. ಸಿಗ್ನಲ್‌ನಲ್ಲಿ ಪೆನ್ನು, ಕಾರು ಒರೆಸುವ ಬಟ್ಟೆ ಮಾರುವ ಮಕ್ಕಳೂ ಅಲ್ಲೇ ನೆರಳಿಗೆ ಬಂದು ಕೂರುತ್ತಾರೆ. ಅವರ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ.

ಅದರಲ್ಲೊಬ್ಬಳು ಹುಡುಗಿ, ಹತ್ತು ವರ್ಷ ಇರಬಹುದು. ಸೊಂಟದ ಮೇಲೆ ಯಾವಾಗಲೂ ಪುಟ್ಟ ತಮ್ಮ. ಮಾರುವ ಮುಂಚೆ ಒಂದೊಂದು ಪೆನ್ನನ್ನೂ ನನ್ನ ವೇಸ್ಟ್ ಪೇಪರ್ ಮೇಲೆ ಗೀಚಿ ನೋಡುತ್ತಿದ್ದಳು. ಬರೀ ಸುರುಳಿ ಗೆರೆ. ಒಂದಿನ ನೋಡಿದರೆ ಸುರುಳಿಗಳ ನಡುವೆ ದುಂಡಗೆ 'ಅ', 'ರ', 'ಸ' ಇತ್ತು. ಕೇಳಿದೆ. 'ಊರಾಗ ಎರಡನೇತ್ತ ಮಟ ಸಾಲಿಗೆ ಹೋಗೀನ್ರಿ' ಅಂದಳು. ಲಿಂಗಸುಗೂರು ಕಡೆಯವರು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು, ಕೆಲಸ ಇಲ್ಲದ ದಿನ ಫ್ಲೈಓವರ್ ಕೆಳಗೇ ವಾಸ.

ಸೇರಿಸಲು ಹೋದಾಗ ಒಂದು ಶಾಲೆಯಲ್ಲಿ 'ಟಿಸಿ ತನ್ನಿ, ಆಧಾರ್ ತನ್ನಿ' ಅಂದರು. ಇಂಥ ಮಾತು ಕೇಳಿಯೇ ಎಷ್ಟೋ ಜನ ವಾಪಸ್ ಹೋಗಿಬಿಡುತ್ತಾರೆ. ಹೋಗಬೇಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಅಂತ ಸೀಟು ನಿರಾಕರಿಸುವ ಹಾಗಿಲ್ಲ. ಟಿಸಿ ತಡವಾಯ್ತು ಅನ್ನುವುದೂ ನೆಪವಾಗಬಾರದು. ಹತ್ತು ವರ್ಷದವಳನ್ನು ಎರಡನೇ ಕ್ಲಾಸಿನ ಚಿಕ್ಕ ಮಕ್ಕಳ ಜೊತೆ ಕೂರಿಸುವುದೂ ಬೇಡ. ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ, ಬಿಟ್ಟುಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಕಾಯ್ದೆಯ ಆ ಪುಟಗಳನ್ನು ಜೆರಾಕ್ಸ್ ಮಾಡಿಕೊಂಡು ಇನ್ನೊಂದು ಸರ್ಕಾರಿ ಶಾಲೆಗೆ ಹೋದೆ. ಅಲ್ಲಿನ ಮೇಡಂ ಕಾಗದ ನೋಡಲೇ ಇಲ್ಲ, 'ನಾಳೆಯಿಂದ ಕಳಿಸಿ' ಅಂದರು.

ಸೇರಿದ್ದೇನೋ ಆಯ್ತು. ಒಂದು ವಾರ ಕಳೆಯುವುದರೊಳಗೆ ಹುಡುಗಿ ಮತ್ತೆ ಸಿಗ್ನಲ್‌ನಲ್ಲಿ.

ನಮ್ಮ ಜನಕ್ಕೆ ಪುಸ್ತಕ, ಬ್ಯಾಗು ಕೊಡುವ ಹುಮ್ಮಸ್ಸು ಜಾಸ್ತಿ. ಫೋಟೋ ಚೆನ್ನಾಗಿ ಬರುತ್ತದೆ, ಅಲ್ವಾ! ಪಠ್ಯಪುಸ್ತಕ, ಸಮವಸ್ತ್ರವನ್ನು ಸರ್ಕಾರಿ ಶಾಲೆಯಲ್ಲೇ ಕೊಡುತ್ತಾರೆ. ಬಿಸಿಯೂಟ, ಹಾಲು, ಮೊಟ್ಟೆ ಇದೆ. ಇವಳಿಗೆ ಬೇಕಿದ್ದದ್ದು ಬೇರೆ. ತಮ್ಮನನ್ನು ಯಾರು ಹಿಡಿದುಕೊಳ್ಳಬೇಕು? ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು, ಇವನಿಗಿನ್ನೂ ಎರಡೂ ತುಂಬಿಲ್ಲ. ಬೆಳಿಗ್ಗೆ ಸ್ನಾನ ಎಲ್ಲಿ? ಬ್ಯಾಗು ಮಳೆಯಲ್ಲಿ ನೆನೆಯದ ಹಾಗೆ ಎಲ್ಲಿಡಬೇಕು?

ಎದುರಿಗೆ ಹೂವು ಮಾರುವ ಅಜ್ಜಿಗೆ ಸುಮ್ನೆ ಹೇಳಿಕೊಂಡೆ. 'ಇಲ್ಲಿ ಬಿಡು, ಹೂವು ಕಿತ್ತಾಕಿದ್ರೆ ಎರಡು ಬಿಡ್ತೀನಿ' ಅಂದರು. ಮಧ್ಯಾಹ್ನ ಗಿರಾಕಿ ಕಡಿಮೆ, ಆಗ ಅವನು ಅವರ ಬುಟ್ಟಿ ಪಕ್ಕದ ಗೋಣಿಚೀಲದ ಮೇಲೆ ಮಲಗುತ್ತಾನೆ. ಸಾರ್ವಜನಿಕ ಶೌಚಾಲಯ ನೋಡಿಕೊಳ್ಳುವವರು ಬೆಳಿಗ್ಗೆ ಒಂದು ಬಕೆಟ್ ನೀರಿಗೆ ಅವಳಿಂದ ದುಡ್ಡು ತೆಗೆದುಕೊಳ್ಳುವುದು ನಿಲ್ಲಿಸಿದರು. ಬ್ಯಾಗು ನನ್ನ ಮೆಷಿನ್ ಹಿಂದೆ ಇರುತ್ತದೆ. ಸಂಜೆ ಬಂದು ಹೋಂವರ್ಕ್ ಮಾಡುತ್ತಾಳೆ, ಗುಣಾಕಾರಕ್ಕೆ ಮಾತ್ರ ಪಕ್ಕದ ಮೊಬೈಲ್ ಅಂಗಡಿ ಹುಡುಗನೇ ಗತಿ.

ಅವಳ ಸಂಪಾದನೆ ನಿಂತಿದ್ದಕ್ಕೆ ಅಮ್ಮನಿಗೆ ಬೇಜಾರಿತ್ತು. ಬಾಯಿಮಾತಲ್ಲಿ ಸಮಾಧಾನ ಮಾಡಿದರೆ ಹೊಟ್ಟೆ ತುಂಬಲ್ಲ. ಹೂವಿನ ಅಜ್ಜಿಯೇ ಹಾರ ಕಟ್ಟುವ ಕೆಲಸ ಹಿಡಿಸಿದರು. ಹಬ್ಬದ ಸೀಸನ್‌ನಲ್ಲಿ ಪರವಾಗಿಲ್ಲ, ಆಷಾಢದಲ್ಲಿ ಕಷ್ಟ. ಅದಕ್ಕಿನ್ನೂ ದಾರಿ ಕಂಡಿಲ್ಲ.

ಮಕ್ಕಳು ಒಂಟಿಯಾಗಿದ್ದರೆ, ಯಾರೋ ಹೊಡೆದು ದುಡಿಸುತ್ತಿದ್ದಾರೆ ಅನ್ನಿಸಿದರೆ ಇಂಥ ಅಂಗಡಿ ಏರ್ಪಾಟು ಸಾಕಾಗಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.

ಈಗ ಹತ್ತಿ ಬಿಡಿಸುವ ಕಾಲ. ಹುಡುಗಿಯ ಮನೆಯವರೆಲ್ಲ ಊರಿಗೆ ಹೊರಟಿದ್ದಾರೆ. ಹೊಲದಲ್ಲಿ ಚಿಕ್ಕ ಕೈಗಳಿಗೂ ಕೆಲಸ ಸಿಗುತ್ತದೆ, ಎಷ್ಟೋ ಮಕ್ಕಳ ಓದು ನಿಲ್ಲುವುದೇ ಅಲ್ಲಿ. ಅದಕ್ಕೇ ಮೇಡಂ ಊರಿನ ಹೆಡ್‌ಮಾಸ್ಟರಿಗೆ ಒಂದು ಪತ್ರ ಬರೆದುಕೊಟ್ಟಿದ್ದಾರೆ, ಅಲ್ಲಿರುವಷ್ಟು ದಿನ ಕ್ಲಾಸಿನಲ್ಲಿ ಕೂರಿಸಿಕೊಳ್ಳಿ ಅಂತ. ಅದನ್ನು ಲ್ಯಾಮಿನೇಷನ್ ಮಾಡಿ ಅವಳ ಅಮ್ಮನ ಕೈಗೆ ಕೊಟ್ಟೆ. ಒಂದು ಕಾಪಿ ನನ್ನ ಹತ್ತಿರವೂ ಇದೆ.