ಗ್ಯಾಂಬಿಯಾ ಎಂಬ ಕಡಲೆಕಾಯಿ ನಾಡು

ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಸುಲಿಯುತ್ತಾ ಅಣ್ಣನ ಮಗಳ ಅಟ್ಲಾಸ್ ತಿರುವಿ ಹಾಕುತ್ತಿದ್ದೆ. ಪಶ್ಚಿಮ ಆಫ್ರಿಕಾದಲ್ಲಿ, ಸೆನೆಗಲ್‌ನ ಹೊಟ್ಟೆಯೊಳಗೆ ಹುಳದ ಹಾಗೆ ತೂರಿದ ದೇಶವೊಂದು ಕಂಡಿತು. ಗ್ಯಾಂಬಿಯಾ!

ಅಗಲ ಎಲ್ಲೂ 50 ಕಿಲೋಮೀಟರ್ ದಾಟುವುದಿಲ್ಲ. ಮೆಜೆಸ್ಟಿಕ್‌ನಿಂದ ರಾಮನಗರದವರೆಗೆ, ಅಷ್ಟೇ. ನಡುವೆ ಹರಿಯುವ ಗ್ಯಾಂಬಿಯಾ ನದಿಯ ಎರಡೂ ದಡ ಬ್ರಿಟಿಷರಿಗೆ, ಸುತ್ತಲಿನದೆಲ್ಲ ಫ್ರೆಂಚರಿಗೆ ಅಂತ 1889ರಲ್ಲಿ ಒಪ್ಪಂದವಾಯಿತು. ಅಲ್ಲಿನ ವೊಲೋಫ್, ಮಂಡಿಂಕಾ ಜನರನ್ನು ಯಾರು ಕೇಳಿದರು? ಇವತ್ತಿಗೂ ಗಡಿಯ ಎರಡೂ ಕಡೆ ಅದೇ ಮನೆಮಾತು. ಸರ್ಕಾರಿ ಕಾಗದ ಮಾತ್ರ ಇಲ್ಲಿ ಇಂಗ್ಲಿಷ್, ಅಲ್ಲಿ ಫ್ರೆಂಚ್.

ಬೆಳೆಗೆ ಗಡಿ ಇರಲಿಲ್ಲ ಬಿಡಿ. ಮರಳು ಮಣ್ಣು, ವರ್ಷಕ್ಕೆ ಕೆಲವೇ ತಿಂಗಳ ಮಳೆ. ಕಡಲೆಕಾಯಿಗೆ ಇನ್ನೇನು ಬೇಕು? ಪಾವಗಡ, ಚಳ್ಳಕೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯುರೋಪಿನ ಸೋಪು, ಎಣ್ಣೆ ಕಾರ್ಖಾನೆಗಳಿಗೆ ಅದು ಬೇಕಿತ್ತು. ರೈತರು ಕಾಯಿ ಮಾರಿ ಅಕ್ಕಿ ಕೊಳ್ಳುವುದು ರೂಢಿಯಾಯಿತು. ಈಗಲೂ ಜಾಸ್ತಿ ಅಕ್ಕಿ ಹೊರಗಿನಿಂದಲೇ ಬರುತ್ತದೆ. ನನಗೆ ಗಡಿಗಿಂತ ಇದೇ ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಸೆನೆಗಲ್‌ನವರ ಪಾಡು ಬೇರೆ. ತಮ್ಮದೇ ದೇಶದ ದಕ್ಷಿಣಕ್ಕಿರುವ ಕಾಸಾಮಾನ್ಸ್‌ಗೆ ಹೋಗಲು ಮಧ್ಯೆ ಇನ್ನೊಂದು ದೇಶ! ಫೆರ‍್ರಿಗೆ ಕಾಯಬೇಕಿತ್ತು, ಇಲ್ಲ ನೂರಾರು ಕಿಲೋಮೀಟರ್ ಸುತ್ತಬೇಕಿತ್ತು. ಗ್ಯಾಂಬಿಯಾದ ಫರಾಫೆನ್ನಿ ಪಟ್ಟಣದ ಹತ್ತಿರ ನದಿಗೆ ಸೇತುವೆ ಬಂದದ್ದು 2019ರಲ್ಲಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗೊಣಗುವವರು ಆ ಲಾರಿ ಡ್ರೈವರ್‌ಗಳನ್ನು ಒಮ್ಮೆ ನೆನೆಯಬಹುದು ಅಲ್ವಾ?