ಕೈಯಲ್ಲಿ ಕೇಬಲ್ ಹಿಡಿದವಳ ಊರಿನಲ್ಲಿ

ಮಿಲಾನಿನಲ್ಲಿ ಆಫೀಸಿನ ಕೆಲಸ ಶುಕ್ರವಾರವೇ ಮುಗಿಯಿತು. ವಾಪಸ್ ಫ್ಲೈಟು ಇದ್ದದ್ದು ಸೋಮವಾರ. ಜೊತೆಗಿದ್ದವರೆಲ್ಲ ವೆನಿಸ್‌ಗೆ ಹೊರಟರು. ನಾನು ರೆಜ್ಜೊ ಎಮಿಲಿಯಾಗೆ ಹೋಗ್ತೀನಿ ಅಂದೆ. ‘ಅಲ್ಲೇನಿದೆ?’ ಅಂತ ಕೇಳಿದರು. ಫೋಟೋ ನೋಡೋಕೆ ಅಂದಾಗ ಒಬ್ಬ ಜೋರಾಗಿ ನಕ್ಕ. ‘ಫೋಟೋನ ಫೋನಲ್ಲೇ ನೋಡಬಹುದಲ್ಲ ಮಾರಾಯ.’

ಅದು 2024ರ ಮೇ. ರೆಜ್ಜೊದಲ್ಲಿ 2006ರಿಂದ ವಸಂತ ಬಂತೆಂದರೆ ಫೋಟೋ ಹಬ್ಬ. ಹೆಸರು ಫೊಟೊಗ್ರಾಫಿಯಾ ಎವ್ರೊಪೇಯಾ. ಹಳೇ ಮಠ, ಅರಮನೆ, ಮ್ಯೂಸಿಯಂ ಎಲ್ಲ ಕಡೆ ಫೋಟೋ ನೇತಾಡುತ್ತವೆ. ಹೊಸ ತಲೆಮಾರಿನ ಇಟಾಲಿಯನ್ನರು ಏನು ತೆಗೀತಿದ್ದಾರೆ ಅಂತ ನೋಡುವ ಆಸೆ ನನಗೆ.

ರೈಲಿನಲ್ಲಿ ಕೂತು, ಗೆಳೆಯ ಹೇಳಿದ್ದ ಛಾಯಾಗ್ರಾಹಕಿ ಸಿಲ್ವಿಯಾ ರೋಸಿಯ ಚಿತ್ರಗಳನ್ನು ಫೋನಿನಲ್ಲೇ ತೆಗೆದೆ. (ನಕ್ಕವನ ಮಾತು ಅಷ್ಟರಮಟ್ಟಿಗೆ ನಿಜವಾಯಿತು.) ಆಕೆಯ ತಂದೆತಾಯಿ ಆಫ್ರಿಕಾದ ಟೋಗೊದಿಂದ ಇಟಲಿಗೆ ಬಂದವರು. ‘ಎನ್‌ಕೌಂಟರ್’ ಎಂಬ ಸರಣಿಯಲ್ಲಿ ಆಕೆಯೇ ಒಮ್ಮೆ ಅಮ್ಮನಾಗುತ್ತಾಳೆ, ಒಮ್ಮೆ ಅಪ್ಪನಾಗುತ್ತಾಳೆ. ಹಿಂದೆ ಬಣ್ಣದ ಪರದೆ, ಮುಂದೆ ನೆಟ್ಟಗೆ ಕ್ಯಾಮೆರಾ ನೋಡುವ ಮುಖ. ಪಶ್ಚಿಮ ಆಫ್ರಿಕಾದ ಹಳೇ ಸ್ಟುಡಿಯೋಗಳ ಶೈಲಿ ಅದು. ತಲೆಯ ಮೇಲೆ ಸಾಮಾನು ಹೊರುವುದನ್ನೂ ಆಕೆ ಇದಕ್ಕಾಗಿಯೇ ಕಲಿತಳಂತೆ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದೆ. ಮುಷ್ಟಿಯಿಂದ ಒಂದು ತೆಳ್ಳನೆಯ ಕರಿ ವೈರು ಇಳಿದು ನೆಲದ ಮೇಲೆ ಹರಿದು ಚೌಕಟ್ಟಿನಾಚೆ ಹೋಗಿದೆ. ಕ್ಯಾಮೆರಾ ಕ್ಲಿಕ್ ಮಾಡುವ ಕೇಬಲ್! ಬೇರೆಯವರಾದರೆ ಬಚ್ಚಿಡುತ್ತಿದ್ದರು. ಈಕೆ ಬಚ್ಚಿಟ್ಟಿಲ್ಲ. ಗುಂಡಿ ಒತ್ತುತ್ತಿರುವವಳು ನಾನೇ ಅಂತ ಎದುರಿಗೇ ಹೇಳಿಬಿಟ್ಟಿದ್ದಾಳೆ.

ಈ ಗುಂಗಲ್ಲೇ ಮೆದಿಯೊಪದಾನಾ ಸ್ಟೇಷನ್ನಿನಲ್ಲಿ ಇಳಿದೆ. ಸ್ಪೇನಿನ ವಾಸ್ತುಶಿಲ್ಪಿ ಕಾಲಾತ್ರಾವಾ ವಿನ್ಯಾಸ ಮಾಡಿದ ಬಿಳೀ ಅಲೆಯಂಥ ಕಟ್ಟಡ. ನೋಡೋಕೆ ಚೆನ್ನಾಗಿದೆ, ಆದರೆ ಊರು ಎಲ್ಲಿ? ಸುತ್ತ ಬರೀ ರಸ್ತೆ, ಹೊಲ. ಇದು ವೇಗದ ರೈಲಿನ ಸ್ಟೇಷನ್, ಊರು ಇನ್ನೂ ನಾಲ್ಕು ಕಿಲೋಮೀಟರ್ ಆಚೆ. ಟಿಕೆಟ್ ಮಾಡುವಾಗ ಸರಿಯಾಗಿ ನೋಡಿರಲಿಲ್ಲ.

ಬಸ್‌ಸ್ಟಾಪಿನಲ್ಲಿ ಪಗಡಿ ಕಟ್ಟಿದ ಹಿರಿಯರೊಬ್ಬರು ನಿಂತಿದ್ದರು. ಹಿಂದಿಯಲ್ಲಿ ‘ಎಲ್ಲಿಯವರಪ್ಪಾ?’ ಅಂದರು. ಬೆಂಗಳೂರು ಅಂದೆ. ಅವರು ಇಪ್ಪತ್ತು ವರ್ಷದಿಂದ ಇಲ್ಲಿ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದಾರೆ. ಈ ಸೀಮೆಯ ಹೆಸರಾಂತ ಪಾರ್ಮಿಜಾನೊ ಚೀಸ್‌ಗೆ ಹಾಲು ಕರೆಯುವವರಲ್ಲಿ ಪಂಜಾಬಿಗಳು ಬಹಳ. ಹತ್ತಿರದ ನೊವೆಲ್ಲಾರಾದಲ್ಲಿ 2000ದಿಂದ ದೊಡ್ಡ ಗುರುದ್ವಾರವೇ ಇದೆ. ‘ಮಗಳು ಇಲ್ಲೇ ಹುಟ್ಟಿದ್ದು. ಇಟಾಲಿಯನ್ ಆಗಿದ್ದು ಮಾತ್ರ ಹದಿನೆಂಟು ತುಂಬಿದ ಮೇಲೆ’ ಅಂದು ಸುಮ್ಮನಾದರು.

ಕಾನೂನು ಇರುವುದೇ ಹಾಗೆ. ವಿದೇಶಿ ದಂಪತಿಗೆ ಇಟಲಿಯಲ್ಲಿ ಹುಟ್ಟಿದ ಮಗು ತಾನಾಗಿ ಇಟಾಲಿಯನ್ ಆಗುವುದಿಲ್ಲ. ಹದಿನೆಂಟರವರೆಗೂ ಬಿಡದೆ ಅಲ್ಲೇ ಇದ್ದು, ಆಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಕಾನೂನು ಬಂದದ್ದು 1992ರ ಫೆಬ್ರವರಿಯಲ್ಲಿ. ಸಿಲ್ವಿಯಾ ರೋಸಿ ಹುಟ್ಟಿದ್ದೂ 1992ರಲ್ಲೇ, ಇಲ್ಲೇ ಪಕ್ಕದ ಸ್ಕಾಂದಿಯಾನೊದಲ್ಲಿ. ಇಟಲಿಯ ಬಣ್ಣದ ಛಾಯಾಗ್ರಹಣಕ್ಕೆ ಹಿರಿಯಣ್ಣನಂತಿದ್ದ ಲುಯಿಜಿ ಗಿರ್ರಿ ತೀರಿಕೊಂಡದ್ದೂ ಅದೇ ಫೆಬ್ರವರಿಯಲ್ಲಿ. ಅವನ ಹುಟ್ಟೂರೂ ಸ್ಕಾಂದಿಯಾನೊವೇ! ಕಾಕತಾಳೀಯ, ನಿಜ. ಆದರೂ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ.

ಗಿರ್ರಿ ಮೊದಲು ಜಮೀನು ಅಳೆಯುವ ಸರ್ವೇಯರ್ ಆಗಿದ್ದವನು. ಅವನ ಚಿತ್ರಗಳಲ್ಲಿ ಮಂಜು ಮುಸುಕಿದ ಬಯಲು, ಖಾಲಿ ರಸ್ತೆ, ಒಂಟಿ ಗೇಟು. ದೊಡ್ಡ ಸ್ಮಾರಕಗಳನ್ನು ಬಿಟ್ಟು ಮನೆ ಪಕ್ಕದ್ದನ್ನು ನೋಡಿ ಅಂತ ಕಲಿಸಿದವನು. ಈಗಿನ ಹುಡುಗರು ಅದೇ ಮನೆ ಪಕ್ಕದಲ್ಲಿ ನಿಂತು, ಈ ಮನೆ ಯಾರದ್ದು ಅಂತ ಕೇಳುತ್ತಿದ್ದಾರೆ. ಮೊರಾಕೊ ಮೂಲದ ಕರೀಂ ಎಲ್ ಮಕ್ತಾಫಿಯೂ 1992ರಲ್ಲಿ ಹುಟ್ಟಿದವನೇ, ಇಟಲಿಯ ದೆಸೆಂಜಾನೊದಲ್ಲಿ. ಎರಡು ಸಂಸ್ಕೃತಿಗಳ ನಡುವಿನ ತನ್ನ ಬದುಕನ್ನು ಆತ ಮೊಬೈಲಿನಲ್ಲೇ ತೆಗೆದು ‘ಹಯಾತಿ’ ಅಂತ ಹೆಸರಿಟ್ಟ. ಅರಬಿಯಲ್ಲಿ ‘ನನ್ನ ಬದುಕು’ ಅಂತ.

ರೋಸಿಯ ಹೊಸ ಪ್ರದರ್ಶನ ಇದ್ದದ್ದು ಕೊಲೆಟ್ಸಿಯೋನೆ ಮರಮೊತ್ತಿಯಲ್ಲಿ. ಮ್ಯಾಕ್ಸ್ ಮಾರಾ ಬಟ್ಟೆ ಕಂಪನಿಯ ಹಳೇ ಫ್ಯಾಕ್ಟರಿ, ಈಗ ಕಲಾಸಂಗ್ರಹ. ಪ್ರವೇಶ ಉಚಿತ. ಪ್ರದರ್ಶನದ ಹೆಸರು ‘ದಿಸಿಂತೆಗ್ರಾತಾ’, ಅಂದರೆ ಚೂರುಚೂರಾದವಳು. ಇಲ್ಲೊಂದು ಚಮತ್ಕಾರವಿದೆ. ವಲಸೆ ಬಂದವರಿಗೆಲ್ಲ ಇಲ್ಲಿ ‘ಇಂತೆಗ್ರಾತಾ’ ಆಗಿ, ನಮ್ಮೊಳಗೆ ಬೆರೆಯಿರಿ ಅಂತ ಉಪದೇಶ. ಈಕೆ ಆ ಪದದ ಮೊದಲಿಗೆ ‘ದಿಸ್’ ಅಂಟಿಸಿ ಮಾತನ್ನೇ ತಿರುಗಿಸಿದ್ದಾಳೆ. ಆಕೆಯ ಸ್ವಂತ ಚಿತ್ರಗಳ ಜೊತೆಗೆ, ಈ ಸೀಮೆಯ ಆಫ್ರಿಕನ್ ಮೂಲದ ಕುಟುಂಬಗಳ ಆಲ್ಬಮ್ ಫೋಟೋಗಳೂ ಇದ್ದವು.

ನಿಜ ಹೇಳಬೇಕೆಂದರೆ ನಾನು ಜಾಸ್ತಿ ಹೊತ್ತು ನಿಂತದ್ದು ಆ ಆಲ್ಬಮ್ ಫೋಟೋಗಳ ಮುಂದೆ. ಇದ್ದುದರಲ್ಲೇ ಒಳ್ಳೇ ಬಟ್ಟೆ ಹಾಕಿ ನಿಂತವರು. ನಾನು ಚೆನ್ನಾಗಿದ್ದೇನೆ ಅಂತ ಊರಿಗೆ ಕಳಿಸೋಕೆ ತೆಗೆಸಿಕೊಂಡದ್ದಿರಬೇಕು ಅನ್ನಿಸಿತು. ನಮ್ಮಮ್ಮನ ಫೋಟೋ ನೆನಪಾಯಿತು. ದಾವಣಗೆರೆಯ ಸ್ಟುಡಿಯೋ, ಹಿಂದೆ ಬಣ್ಣ ಬಳಿದ ಸರೋವರ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು, ಗಟ್ಟಿ ಅಂಚಿನ ಸೀರೆ, ಕೈಯಲ್ಲಿ ವಾಚು. ಫೋನಲ್ಲಿತ್ತು. ಅಮ್ಮನಿಗೇ ಕಳಿಸಿ, ‘ಇದು ಯಾವಾಗಿನದಮ್ಮ?’ ಅಂತ ಕೇಳಿದೆ.

ಊಟಕ್ಕೆ ಎರ್ಬಾಟ್ಸೋನೆ. ಸೊಪ್ಪಿನ ಪಲ್ಯ, ಚೀಸು ತುಂಬಿ ಬೇಯಿಸಿದ ತೆಳು ಕಡುಬು ಅಂದುಕೊಳ್ಳಿ. ಇದರಲ್ಲಿ ಹಂದಿ ಕೊಬ್ಬು ಹಾಕುವ ಪದ್ಧತಿಯೂ ಇದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು.

ಮಧ್ಯಾಹ್ನ ಸಾನ್ ಪಿಯೆತ್ರೊ ಮಠ. ಕಂಬಸಾಲಿನ ಅಂಗಳ, ಒಳಗೆ ತಣ್ಣಗೆ. ಆ ವರ್ಷದ ವಿಷಯ ‘ಪ್ರಕೃತಿಗೆ ಅಡಗಿರುವುದೇ ಇಷ್ಟ’ ಎಂಬ ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸನ ಮಾತು. ಛಾಯಾಗ್ರಾಹಕ ಮತ್ತೇವೊ ದೆ ಮಾಯ್ಡಾ ಇಲ್ಲಿ ವಾಯಾ ಬಿರುಗಾಳಿಯ ಕಥೆ ಹೇಳಿದ್ದ. 2018ರ ಅಕ್ಟೋಬರ್ ಕೊನೆಯಲ್ಲಿ ಇಟಲಿಯ ಈಶಾನ್ಯದ ಬೆಟ್ಟಗಳಲ್ಲಿ ಬೀಸಿದ ಗಾಳಿಗೆ ಲಕ್ಷಾಂತರ ಸ್ಪ್ರೂಸ್ ಮರಗಳು ಮಲಗಿಬಿಟ್ಟವು. ಪಿಟೀಲಿಗೆ ಒಳ್ಳೇ ಮರ ಕೊಡುವ ಪನೆವೆಜ್ಜೊ ಕಾಡಿಗೂ ಏಟು ಬಿತ್ತು. ಅಲ್ಲಿಗೇ ಮುಗಿಯಲಿಲ್ಲ. ಬಿದ್ದ ಮರಗಳಲ್ಲಿ ತೊಗಟೆ ಕೊರೆಯುವ ಹುಳ ಹೆಚ್ಚಾಗಿ, ನಿಂತ ಮರಗಳನ್ನೂ ತಿನ್ನತೊಡಗಿತು. ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಹುಳ. ಗಾಳಿ ಒಂದು ರಾತ್ರಿಯ ಸುದ್ದಿ. ಹುಳ ವರ್ಷಗಟ್ಟಲೆ ಸದ್ದಿಲ್ಲದೆ ಮೇಯುತ್ತದೆ. ಅದನ್ನು ಫೋಟೋದಲ್ಲಿ ತೋರಿಸುವುದು ಹೇಗೆ? ದೆ ಮಾಯ್ಡಾ ಸೂಕ್ಷ್ಮದರ್ಶಕದ ಸಹಾಯ ಪಡೆದಿದ್ದಾನೆ. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟ ಕಂಡವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಮ್ಯೂಸಿಯಂ ಕಟ್ಟಡದಲ್ಲಿ 35 ವರ್ಷದೊಳಗಿನವರ ‘ಜೋವಾನೆ ಫೊಟೊಗ್ರಾಫಿಯಾ ಇತಾಲಿಯಾನಾ’, ಅಂದರೆ ಇಟಲಿಯ ಯುವ ಛಾಯಾಗ್ರಹಣದ ಪ್ರದರ್ಶನವಿತ್ತು. ಗೆದ್ದವರಿಗೆ ಗಿರ್ರಿ ಹೆಸರಿನ ಬಹುಮಾನ. ಅಷ್ಟು ಹೊತ್ತಿಗೆ ನನ್ನ ಕಾಲು ಸೋತಿತ್ತು. ಕೆಲವು ಕೆಲಸಗಳಿಗೆ ಗೋಡೆಯ ಮೇಲಿನ ವಿವರಣೆ ಫೋಟೋಕ್ಕಿಂತ ಉದ್ದ. ಓದದಿದ್ದರೆ ತಲೆಬುಡ ತಿಳಿಯದು, ಓದಿದರೆ ಫೋಟೋ ನೋಡಬೇಕು ಅನ್ನಿಸದು. ಈ ಕಾಯಿಲೆ ನಮ್ಮ ಕಡೆಯೂ ಇದೆ, ಅಲ್ವಾ?

ಸಂಜೆ ಪ್ರಂಪೊಲಿನಿ ಚೌಕದಲ್ಲಿ ಕೂತೆ. ಇಟಲಿಯ ಹಸಿರು, ಬಿಳಿ, ಕೆಂಪು ಬಾವುಟ 1797ರ ಜನವರಿ 7ರಂದು ಹುಟ್ಟಿದ್ದು ಇದೇ ಊರಿನಲ್ಲಿ. ಆ ಸಭಾಂಗಣ ಚೌಕದ ಪುರಸಭೆ ಕಟ್ಟಡದಲ್ಲೇ ಇದೆ. ಅದರ ಮುಂದೆ ಹುಡುಗರು ಚೆಂಡಾಡುತ್ತಿದ್ದರು. ಒಬ್ಬನ ತಲೆಯ ಮೇಲೆ ಸಿಖ್ ಹುಡುಗರು ಕಟ್ಟುವ ಪಟಕಾ, ಇನ್ನೊಬ್ಬನದು ಗುಂಗುರು ಕೂದಲು. ಎಲ್ಲರ ಬೈಗುಳವೂ ಅಚ್ಚ ಇಟಾಲಿಯನ್.

ಈ ಸಲ ಊರೊಳಗಿನ ಸ್ಟೇಷನ್ನಿಗೇ ನಡೆದೆ. ರೈಲು ಹೊರಡುವಾಗ ಅಮ್ಮನ ಉತ್ತರ ಬಂತು. ‘ಮದುವೆಗೆ ಮುಂಚೆ ಗಂಡಿನ ಕಡೆಯವರಿಗೆ ಕಳಿಸೋಕೆ ತೆಗೆಸಿದ್ದು. ಸೀರೆ ನಿಮ್ಮ ದೊಡ್ಡಮ್ಮಂದು. ವಾಚು ಸ್ಟುಡಿಯೋದವನದ್ದು, ನಿಂತುಹೋಗಿತ್ತು.’